ಪೇಟೆ ಮಂಕಾದರೆ ನೇತ್ರಾಣಿಯ ಬೋಟು ಯಾಕೆ ನಿಲ್ಲುತ್ತದೆ?

ಚೆನ್ನೈನ ಸೌಕಾರ್‌ಪೇಟೆಯಲ್ಲಿ ವ್ಯಾಪಾರ ಹೇಗಿದೆ ಎಂದು ತಿಳಿಯಲು ಯಾವ ವರದಿಯನ್ನೂ ಓದಬೇಕಿಲ್ಲ. ಗೋಡೌನ್ ಸ್ಟ್ರೀಟಿನಲ್ಲಿ ಬಟ್ಟೆಯ ಬೇಲು ಹೇರಿದ ಕೈಗಾಡಿಗಳಿಗೆ ದಾರಿ ಬಿಟ್ಟು ಬಿಟ್ಟು ನಡೆಯಬೇಕಾಯಿತೆಂದರೆ ಪೇಟೆ ನಡೆಯುತ್ತಿದೆ. ಹಗಲು ಹನ್ನೊಂದಕ್ಕೂ ಆ ಬೀದಿಯಲ್ಲಿ ಕೈಬೀಸಿಕೊಂಡು ಹೋಗಲು ಆದರೆ ಎಲ್ಲೋ ಹಣ ನಿಂತಿದೆ. ಮಿಂಟ್ ಸ್ಟ್ರೀಟಿನ ಗಿರವಿ ಅಂಗಡಿಯ ಕಟ್ಟೆಯ ಮೇಲೆ ಜನ ಹೆಚ್ಚಾಗಿ, ಎನ್‌ಎಸ್‌ಸಿ ಬೋಸ್ ರಸ್ತೆಯ ಚಿನ್ನದಂಗಡಿಯಲ್ಲಿ ಕಡಿಮೆಯಾದರೆ ಆ ಅನುಮಾನವೂ ಉಳಿಯುವುದಿಲ್ಲ.

ಇಲ್ಲಿಂದ ಎಂಟುನೂರು ಚಿಲ್ಲರೆ ಕಿಲೋಮೀಟರ್ ಆಚೆ, ಉತ್ತರ ಕನ್ನಡದ ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಜನರನ್ನು ಕರೆದೊಯ್ದು ಸ್ಕೂಬಾ ಮಾಡಿಸುವ ಅಂಗಡಿಗಳಿವೆ. ಪೇಟೆಯ ಬಿಸಿ ಅಲ್ಲಿಗೆ ತಲುಪುವ ದಾರಿ ನೇರವಾಗಿಯೇ ಇದೆ. ಸೌಕಾರ್‌ಪೇಟೆಯ ಮಾರವಾಡಿ, ಗುಜರಾತಿ ವರ್ತಕರಲ್ಲಿ ಹಲವರು ದೀಪಾವಳಿಗೆ ಲೆಕ್ಕದ ಪುಸ್ತಕ ಪೂಜಿಸಿ ಬಾಗಿಲು ಹಾಕಿದರೆ ಲಾಭ ಪಂಚಮಿಗೇ ಮತ್ತೆ ತೆರೆಯುವುದು. ಕುಟುಂಬ ಸಮೇತ ಊರು ಬಿಡುವ ದಿನಗಳು ಅವು. ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ಸೀಸನ್ ತೆರೆದುಕೊಳ್ಳುವುದೂ ಅದೇ ಹೊತ್ತಿಗೆ. ಇನ್ನೊಂದು ದಾರಿ ಕಂಪನಿಗಳ ಡೀಲರ್ ಸ್ಕೀಮಿನದು: ವರ್ಷದ ಟಾರ್ಗೆಟ್ ಮುಟ್ಟಿದ ಸಗಟು ವ್ಯಾಪಾರಿಗೆ ಗೋವಾ, ಅಂಡಮಾನ್, ಥಾಯ್ಲೆಂಡ್ ಪ್ರವಾಸ. ಮಾಲು ಹೋಗದಿದ್ದರೆ ಟಾರ್ಗೆಟ್ ಇಲ್ಲ, ಟಾರ್ಗೆಟ್ ಇಲ್ಲದಿದ್ದರೆ ಪ್ರವಾಸವಿಲ್ಲ. ಬೆಂಗಳೂರಿನ ಐಟಿ ಉದ್ಯೋಗಿಯ ಬೋನಸ್ಸಿಗೂ ಶ್ರೀಪೆರಂಬುದೂರಿನ ಕಾರ್ಖಾನೆಯ ಓವರ್‌ಟೈಮಿಗೂ ಇದೇ ಕಥೆ.

ಮುಗ್ಗಟ್ಟು ಬಂದಾಗ ಡೈವ್ ಅಂಗಡಿಯ ಒಳಗೆ ಏನೇನಾಗುತ್ತದೆ ಎಂಬುದನ್ನು ಗ್ರಾಹಕರು ತಿಳಿದಿರಬೇಕು. ಬೇರೆ ಪ್ರವಾಸಿ ವ್ಯಾಪಾರಗಳಲ್ಲಿ ಖರ್ಚು ಕಡಿತವಾದರೆ ಊಟದ ರುಚಿಯೋ ಕೋಣೆಯ ಹಾಸಿಗೆಯೋ ಕೆಡಬಹುದು. ಇಲ್ಲಿ ಕಡಿತವಾದದ್ದು ನೀವು ನೀರಿನಡಿ ಎಳೆದುಕೊಳ್ಳುವ ಉಸಿರಿಗೇ ಬಂದು ತಾಗಬಹುದು.

ಮೊದಲು ಅಂಗಡಿಯ ಒಳಗನ್ನು ನೋಡೋಣ. ಹಿಂಬದಿಯಲ್ಲಿ ಒಂದು ಕಂಪ್ರೆಸರ್ ಇರುತ್ತದೆ. ಅದು ಹೊರಗಿನ ಗಾಳಿಯನ್ನೇ ಎಳೆದು, ಹಂತ ಹಂತವಾಗಿ ಒತ್ತಿ, ನೀರಿನ ಪಸೆ ಮತ್ತು ಎಣ್ಣೆಯ ಅಂಶವನ್ನು ಫಿಲ್ಟರಿನಲ್ಲಿ ಹಿಡಿದು, 200 ಬಾರ್ ಒತ್ತಡದಲ್ಲಿ ಸಿಲಿಂಡರಿಗೆ ತುಂಬುತ್ತದೆ. ಇದು ಆಕ್ಸಿಜನ್ ಸಿಲಿಂಡರ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ನಾವು ದಿನಾ ಉಸಿರಾಡುವ ಗಾಳಿಯೇ. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರಿಗೆ ತುಂಬಿದರೆ 2,200 ಲೀಟರ್ ಗಾಳಿ ಹಿಡಿಯುತ್ತದೆ. ದಡದಲ್ಲಿ ಒಬ್ಬ ಮನುಷ್ಯ ನಿಮಿಷಕ್ಕೆ 20 ಲೀಟರ್ ಬಳಸುತ್ತಾನೆ ಎಂದುಕೊಳ್ಳಿ. 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟಾಗುವುದರಿಂದ ಅದೇ ಉಸಿರಿಗೆ 40 ಲೀಟರ್ ಬೇಕು. ಮೀಸಲೆಂದು 50 ಬಾರ್ ಬಿಟ್ಟರೆ ಉಳಿಯುವುದು ನಲವತ್ತು ನಿಮಿಷದ ಗಾಳಿ. ಮೊದಲ ಸಲ ಇಳಿಯುವವರು ಗಾಬರಿಯಲ್ಲಿ ಹೆಚ್ಚು ಎಳೆಯುತ್ತಾರೆ. ಹಾಗಾಗಿ ಅವರ ಡೈವ್ ಇಪ್ಪತ್ತು-ಮೂವತ್ತು ನಿಮಿಷಕ್ಕೆ ಮುಗಿಯುತ್ತದೆ.

ಈ ಗಾಳಿ ತುಂಬುವುದಕ್ಕೆ ತಗಲುವ ಕರೆಂಟು ಅಥವಾ ಡೀಸೆಲಿನ ಹಣ ಡೈವಿನ ದರದಲ್ಲಿ ತೀರಾ ಸಣ್ಣ ಪಾಲು. ದೊಡ್ಡ ಖರ್ಚು ಅದರ ಸುತ್ತ ಇರುವುದೆಲ್ಲ. ನೇತ್ರಾಣಿ ಇರುವುದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿನ ಕಡಲಲ್ಲಿ. ಬೋಟಿಗೆ ಹೋಗಲು ಒಂದು ಗಂಟೆಯಿಂದ ಒಂದೂವರೆ ಗಂಟೆ, ಬರಲು ಅಷ್ಟೇ. ನಾಲ್ವರೇ ಕೂತರೂ ಹನ್ನೆರಡು ಜನ ತುಂಬಿದರೂ ಡೀಸೆಲ್ ಹೆಚ್ಚುಕಡಿಮೆ ಒಂದೇ, ಬೋಟು ನಡೆಸುವ ತಂಡೇಲ ಮತ್ತು ಹುಡುಗರ ಕೂಲಿ ಒಂದೇ.

ಸೌಕಾರ್‌ಪೇಟೆಯ ಗುಮಾಸ್ತರು ಬೆರಳೆಣಿಕೆಯಲ್ಲೇ ಬಿಡಿಸುವಂಥ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬೋಟು ಒಂದು ಸಲ ಹೋಗಿಬರಲು 20,000 ರೂಪಾಯಿ. ತಲೆಗೆ ದರ 5,000. ಅದರಲ್ಲಿ ಇನ್‌ಸ್ಟ್ರಕ್ಟರನ ಪಾಲು, ಗಾಳಿ, ತಿಂಡಿ, ವಿಮೆ ಎಂದು 1,500 ಹೋದರೆ ಪ್ರತಿಯೊಬ್ಬರಿಂದ ಉಳಿಯುವುದು 3,500. ಆರು ಜನ ಬಂದರೆ ಬೋಟಿನ ಖರ್ಚು ಹುಟ್ಟಿತು. ಹನ್ನೆರಡು ಜನ ಬಂದರೆ 22,000 ಉಳಿಯಿತು. ಐದೇ ಜನ ಬಂದರೆ ಕೈಯಿಂದ 2,500 ಹೋಯಿತು. ಗ್ರಾಹಕರು ಅರ್ಧದಷ್ಟಾದರೆ ಲಾಭವೂ ಅರ್ಧವಾಗುತ್ತದೆ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಹನ್ನೆರಡಕ್ಕೆ ಬದಲು ಆರು ಜನ ಬಂದರೆ 22,000 ಇದ್ದದ್ದು ಒಂದೇ ಸಾವಿರಕ್ಕೆ ಇಳಿಯುತ್ತದೆ. ಅಂಗಡಿ ಬಾಡಿಗೆ, ಬೋಟಿನ ಸಾಲದ ಕಂತು, ಕಂಪ್ರೆಸರಿನ ಸವಕಳಿ ಇನ್ನೂ ಇದರೊಳಗೆ ಬಂದಿಲ್ಲ.

ಈಗ ನೀವೇ ಅಂಗಡಿಯವರೆಂದುಕೊಳ್ಳಿ, ಪಕ್ಕದ ಅಂಗಡಿಯವನು ದರ ಇಳಿಸಿದ. ನೀವೂ 4,000ಕ್ಕೆ ಇಳಿದಿರಿ. ತಲೆಗೆ ಉಳಿಯುವುದು 2,500. ಬೋಟಿನ ಖರ್ಚು ಹುಟ್ಟಬೇಕಾದರೆ ಇನ್ನು ಆರಲ್ಲ, ಎಂಟು ಜನ ಬೇಕು. ದರ ಇಳಿದದ್ದು ಶೇ 20, ಆದರೆ ತುಂಬಿದ ಬೋಟಿನಲ್ಲಿ ಉಳಿಯುವ ಹಣ 22,000ದಿಂದ 10,000ಕ್ಕೆ ಬಿತ್ತು. ಜನ ಕಡಿಮೆಯಾದ ಕಾಲದಲ್ಲೇ ಹೆಚ್ಚು ಜನ ಬೇಕಾಗುವಂತೆ ಮಾಡಿಕೊಂಡಂತಾಯಿತು. ಮುಗ್ಗಟ್ಟಿನಲ್ಲಿ ಡೈವ್ ಅಂಗಡಿಗಳನ್ನು ಮುಗಿಸುವುದು ಬಹುಮಟ್ಟಿಗೆ ಈ ದರದ ಪೈಪೋಟಿಯೇ ಎಂದು ನನ್ನ ಅಭಿಪ್ರಾಯ. ನೇತ್ರಾಣಿಯಲ್ಲಿ ಮೊದಲ ಸಲದವರ ಡೈವಿಗೆ ನಾಲ್ಕು ಸಾವಿರದಿಂದ ಆರೇಳು ಸಾವಿರದವರೆಗೆ ದರಗಳಿರುವುದನ್ನು ಕಂಡವರಿಗೆ ಈ ಎಳೆದಾಟ ಅರ್ಥವಾಗುತ್ತದೆ.

ಇದರ ಮೇಲೆ ಕಾಲದ ಗಡುವು ಬೇರೆ. ಕರಾವಳಿಯಲ್ಲಿ ಮಳೆ ಹಿಡಿದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೋಟು ದಡದಲ್ಲೇ. ಡೈವ್ ನಡೆಯುವುದು ಅಕ್ಟೋಬರಿನಿಂದ ಮೇ ತನಕ. ಎಂಟು ತಿಂಗಳ ದುಡಿಮೆ ಹನ್ನೆರಡು ತಿಂಗಳ ಬಾಡಿಗೆ ಹೊರಬೇಕು. ಚೆನ್ನೈ ಕಡೆ ತಿರುಗಿದರೆ ಲೆಕ್ಕ ತಲೆಕೆಳಗು: ಅಲ್ಲಿ ಕಡಲು ಕೆಡುವುದು ಹಿಂಗಾರಿನ ಅಕ್ಟೋಬರ್-ಡಿಸೆಂಬರಿನಲ್ಲಿ, ಚಂಡಮಾರುತಗಳ ಕಾಲದಲ್ಲಿ. ನಗರದ ಈಜುಕೊಳದಲ್ಲಿ ಪಾಠ ಮುಗಿಸಿ ಶಿಷ್ಯರನ್ನು ಕೋವಳಂಗೋ ಪುದುಚೇರಿಗೋ ಕರೆದೊಯ್ಯುವ ಶಿಕ್ಷಕರು ದೀಪಾವಳಿ ರಜೆಯಲ್ಲಿ ಸಮುದ್ರವನ್ನು ನಂಬುವಂತಿಲ್ಲ.

ಹೀಗಾಗಿ ಹೊಡೆತ ಯಾವ ತಿಂಗಳಲ್ಲಿ ಬೀಳುತ್ತದೆ ಎಂಬುದು ಹೊಡೆತ ಎಷ್ಟು ದೊಡ್ಡದು ಎಂಬುದರಷ್ಟೇ ಮುಖ್ಯ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಅವುಗಳ ಪಾಲು ಸುಮಾರು ಶೇ 86. ನಗದಿನ ಮೇಲೇ ನಡೆಯುತ್ತಿದ್ದ ಸೌಕಾರ್‌ಪೇಟೆಯ ಗಲ್ಲಾಗಳು ಒಂದೇ ರಾತ್ರಿಯಲ್ಲಿ ಬಿಕೋ ಎಂದವು. ಪಶ್ಚಿಮ ಕರಾವಳಿಗೆ ಅದು ಸೀಸನ್ನಿನ ಆರಂಭ. ಡೀಸೆಲಿಗೆ, ದಿನಗೂಲಿಗೆ, ತಿಂಡಿಗೆ ನೋಟನ್ನೇ ಎಣಿಸಿ ಕೊಡುತ್ತಿದ್ದ ಸಣ್ಣ ಬೋಟಿನವರಿಗೆ ಅದಕ್ಕಿಂತ ಕೆಟ್ಟ ವೇಳೆ ಇರಲಿಲ್ಲ.

2020ರದು ಇನ್ನೂ ಕಠೋರ. ಕೊರೊನಾದಿಂದಾಗಿ ಮಾರ್ಚ್ 25ರಿಂದ ದೇಶಕ್ಕೆ ಬೀಗ. ಏಪ್ರಿಲ್-ಮೇ ಶಾಲೆಗಳಿಗೆ ರಜೆಯ ತಿಂಗಳು, ಡೈವಿನವರಿಗೆ ಮಳೆಗಾಲಕ್ಕೆ ಕಾಸು ಕೂಡಿಡುವ ತಿಂಗಳು. ಅದು ಪೂರ್ತಿ ಹೋಯಿತು. ಬೀಗ ಸಡಿಲವಾಗುವ ಹೊತ್ತಿಗೆ ಮಳೆಗಾಲ ಬಂತು. ಮಾರ್ಚ್ ಕೊನೆಯಿಂದ ಮುಂದಿನ ಸೀಸನ್ ತನಕ ಆರು ತಿಂಗಳಿಗೂ ಹೆಚ್ಚು ಕಾಲ ಗಳಿಕೆಯೇ ಇಲ್ಲ. ಆ ವರ್ಷದ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಭಾರತದ ಒಟ್ಟು ದೇಶೀಯ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಶೇ 24ರಷ್ಟು ಕುಸಿಯಿತು. ಡೈವ್ ಅಂಗಡಿಯಲ್ಲಿ ಕುಸಿತ ಶೇ 100.

ಆದರೆ ನಂತರದ್ದನ್ನೂ ಹೇಳಬೇಕು. ವಿದೇಶದ ಬಾಗಿಲು ಮುಚ್ಚಿದ್ದಾಗ ಬಾಲಿಗೋ ಥಾಯ್ಲೆಂಡಿಗೋ ಹೋಗುತ್ತಿದ್ದವರಲ್ಲಿ ಹಲವರು ದೇಶದೊಳಗಿನ ಕಡಲುಗಳತ್ತ ನೋಡಿದರು. ಮುಗ್ಗಟ್ಟು ಬಂದರೆ ಜನ ಪ್ರವಾಸವನ್ನೇ ಬಿಡುತ್ತಾರೆ ಎಂದಲ್ಲ, ಹಲವರು ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಥಾಯ್ಲೆಂಡಿಗೆ ಹೋಗುವವರು ಅಂಡಮಾನಿಗೆ, ಅಂಡಮಾನಿಗೆ ಹೋಗುವವರು ಮುರುಡೇಶ್ವರಕ್ಕೆ, ಮುರುಡೇಶ್ವರಕ್ಕೆ ಹೋಗುತ್ತಿದ್ದವರು ಮನೆಯಲ್ಲಿ. ಪೇಟೆಯ ಹೊರಗಿನ ಕಾರಣಗಳೂ ಜನರನ್ನು ತರುತ್ತವೆ: ನಟ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದ ದೃಶ್ಯಗಳಿರುವ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರ ಅಕ್ಟೋಬರ್ 28ರಂದು, ಸೀಸನ್ನಿನ ಬಾಗಿಲಲ್ಲೇ ತೆರೆಗೆ ಬಂತು. ಅಂಥ ಪ್ರಚಾರವನ್ನು ಯಾವ ಅಂಗಡಿಯೂ ದುಡ್ಡು ಕೊಟ್ಟು ಕೊಳ್ಳಲಾರದು. ಹಾಗೆಯೇ, ಪೇಟೆಗೆ ಸಂಬಂಧವೇ ಇಲ್ಲದ ಕಾರಣಕ್ಕೂ ದಿನಗಳು ಹೋಗುತ್ತವೆ: 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿಗೆ ಬಲಿಯಾದ ದುರಂತದ ಬಳಿಕ ತೀರಕ್ಕೆ ಪ್ರವಾಸಿಗರ ಪ್ರವೇಶವನ್ನೇ ಕೆಲಕಾಲ ತಡೆಯಲಾಗಿತ್ತು.

ನೆರೆಯ ಶ್ರೀಲಂಕಾ ಈ ವಿಷಯದಲ್ಲಿ ಕಣ್ಣು ತೆರೆಸುತ್ತದೆ. 2018ರಲ್ಲಿ 23 ಲಕ್ಷ ವಿದೇಶಿ ಪ್ರವಾಸಿಗರು ಹೋಗಿದ್ದ ದೇಶ ಅದು. 2019ರ ಈಸ್ಟರ್ ಬಾಂಬ್ ದಾಳಿ, ಆಮೇಲೆ ಕೊರೊನಾ. 2021ರಲ್ಲಿ ಸಂಖ್ಯೆ 2 ಲಕ್ಷವನ್ನೂ ಮುಟ್ಟಲಿಲ್ಲ. 2022ರ ಏಪ್ರಿಲಿನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ಸರ್ಕಾರವೇ ಕೈಚೆಲ್ಲಿತು. ಜೂನ್ ಕೊನೆಗೆ ಅಗತ್ಯ ಸೇವೆಗಳಿಗೆ ಬಿಟ್ಟು ಉಳಿದವರಿಗೆ ಪೆಟ್ರೋಲ್, ಡೀಸೆಲ್ ಮಾರಾಟವನ್ನೇ ಎರಡು ವಾರ ನಿಲ್ಲಿಸಿತು. ಟ್ರಿಂಕೋಮಲಿ ಕಡೆಯ ಪೂರ್ವ ಕರಾವಳಿಯಲ್ಲಿ ಡೈವಿಂಗ್ ನಡೆಯುವುದೇ ಮೇಯಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಸೀಸನ್ನಿನ ನಟ್ಟನಡುವೆ ಬೋಟಿಗೆ ಎಣ್ಣೆಯಿಲ್ಲ, ಕಂಪ್ರೆಸರಿಗೆ ಕರೆಂಟಿನ ಖಾತ್ರಿಯಿಲ್ಲ. ಗ್ರಾಹಕ ಬಂದು ನಿಂತರೂ ಕಡಲಿಗೆ ಹೋಗಲಾಗದ ಸ್ಥಿತಿ ಅದು.

ನಮ್ಮಲ್ಲಿ ಅಷ್ಟು ದೂರ ಹೋಗದಿದ್ದರೂ ರೂಪಾಯಿಯ ಬೆಲೆ ಕಾಡುತ್ತದೆ. ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರ್, ಮೈಗೆ ತೊಡುವ ಬಿಸಿಡಿ ಎಂಬ ತೇಲುವ ಜಾಕೆಟ್, ಕೈಗೆ ಕಟ್ಟುವ ಡೈವ್ ಕಂಪ್ಯೂಟರ್, ಜರ್ಮನಿ ಅಥವಾ ಇಟಲಿಯ ಕಂಪ್ರೆಸರ್, ಇವುಗಳ ರಿಪೇರಿಗೆ ಬೇಕಾದ ಸಣ್ಣ ರಬ್ಬರ್ ಉಂಗುರಗಳ ಕಿಟ್ಟು, ಬಹುತೇಕ ಎಲ್ಲವೂ ಆಮದು. ಜಗತ್ತಿನ ಹಣಕಾಸು ಅಲ್ಲಾಡಿದಾಗಲೆಲ್ಲ ಡಾಲರ್ ಏರುತ್ತದೆ. 2008ರ ಆರಂಭದಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಆ ವರ್ಷದ ಕೊನೆಗೆ 50ರ ಸಮೀಪ ಬಂದಿತ್ತು. 2013ರ ಆಗಸ್ಟ್ ಕೊನೆಗೆ 68 ದಾಟಿತು. 2022ರ ಅಕ್ಟೋಬರಿನಲ್ಲಿ 83. ಗಲ್ಲಾಕ್ಕೆ ಬರುವ ರೂಪಾಯಿ ಕಡಿಮೆಯಾದ ದಿನಗಳಲ್ಲೇ ಬಿಡಿಭಾಗದ ಬಿಲ್ಲು ಹೆಚ್ಚುತ್ತದೆ.

ಬಳಸದೆ ಇಟ್ಟರೆ ಉಳಿತಾಯವಾಗುತ್ತದೆಯೇ ಎಂದರೆ ಅದೂ ಇಲ್ಲ. ಉಪ್ಪುಗಾಳಿಯಲ್ಲಿ ನಿಂತ ಕಂಪ್ರೆಸರ್ ತುಕ್ಕು ಹಿಡಿಯುತ್ತದೆ, ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ, ವೆಟ್‌ಸೂಟು ಬೂಷ್ಟು ಕಟ್ಟುತ್ತದೆ, ಮರದ ಬೋಟಿಗೆ ವರ್ಷಾವರ್ಷ ಬಣ್ಣ ಬೇಕೇ ಬೇಕು.

ಮತ್ತೆ ಮನುಷ್ಯರು. ಡೈವ್ ಮಾಡಿಸುವವರಲ್ಲಿ ಅನೇಕರಿಗೆ ತಿಂಗಳ ಸಂಬಳವಿಲ್ಲ, ಇಳಿದಷ್ಟು ಸಲಕ್ಕೆ ಹಣ. ಬೋಟು ನಿಂತರೆ ಮೀನುಗಾರರ ಮನೆಯ ಹುಡುಗ ಬಲೆಗೆ ಮರಳುತ್ತಾನೆ. ಹೊರಗಿನಿಂದ ಬಂದ ಇನ್‌ಸ್ಟ್ರಕ್ಟರ್ ಅಂಡಮಾನಿಗೋ ಮಾಲ್ದೀವ್ಸಿಗೋ ಹೋಗುತ್ತಾನೆ. ಅವರನ್ನು ಮರಳಿ ಪಡೆಯುವುದು ಸುಲಭವಲ್ಲ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮದಲ್ಲಿ ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ 100 ಡೈವ್‌ಗಳ ದಾಖಲೆ ಬೇಕು, ಅದಕ್ಕೆ ಮೊದಲು ನಾಲ್ಕು ಹಂತದ ತರಬೇತಿ ಮುಗಿಸಿರಬೇಕು. ಒಂದು ಕೆಟ್ಟ ವರ್ಷದಲ್ಲಿ ಕಳೆದುಕೊಂಡ ಕೈಗಳನ್ನು ಮತ್ತೆ ತಯಾರು ಮಾಡಲು ಒಳ್ಳೆಯ ವರ್ಷಗಳು ಬೇಕು. ನೇತ್ರಾಣಿಯ ಯಾವ ಬಂಡೆಯ ಮಗ್ಗುಲಲ್ಲಿ ಸೆಳೆತ ಯಾವಾಗ ತಿರುಗುತ್ತದೆ ಎಂದು ಬಲ್ಲವನು ಹೋದರೆ ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಈಗ ಅಸಲು ಪ್ರಶ್ನೆ. ಹಣ ಬಿಗಿಯಾದಾಗ ಅಂಗಡಿ ಎಲ್ಲಿ ಕತ್ತರಿ ಹಾಕುತ್ತದೆ? ಬೋಟಿನ ಡೀಸೆಲಿನಲ್ಲಿ ಹಾಕಲಾಗುವುದಿಲ್ಲ. ಬಾಡಿಗೆಯಲ್ಲೂ ಇಲ್ಲ. ಕಣ್ಣಿಗೆ ಕಾಣದ ಕಡೆ ಹಾಕುವ ಆಸೆ ಹುಟ್ಟುತ್ತದೆ: ಇಷ್ಟು ಗಂಟೆ ಓಡಿದ ಮೇಲೆ ಬದಲಿಸಬೇಕಾದ ಫಿಲ್ಟರನ್ನು ಇನ್ನಷ್ಟು ದಿನ ಓಡಿಸುವುದು, ವರ್ಷಕ್ಕೊಮ್ಮೆಯ ರೆಗ್ಯುಲೇಟರ್ ಸರ್ವೀಸನ್ನು ಮುಂದೂಡುವುದು, ಒಬ್ಬ ಇನ್‌ಸ್ಟ್ರಕ್ಟರನಿಗೆ ಹೆಚ್ಚು ಜನರನ್ನು ಅಂಟಿಸುವುದು. ಬಹುತೇಕ ಅಂಗಡಿಯವರು ಹೀಗೆ ಮಾಡುವುದಿಲ್ಲ. ಕಡಲಲ್ಲಿ ಹೆಸರು ಕೆಟ್ಟರೆ ಮತ್ತೆ ಕಟ್ಟಲಾಗದೆಂದು ಅವರಿಗೆ ಗೊತ್ತು. ಆದರೂ ಕೇಳುವ ಹಕ್ಕು ನಿಮ್ಮದು.

ಕೇಳುವುದು ಹೀಗೆ. ಸಿಲಿಂಡರಿನ ಭುಜದ ಮೇಲೆ ಪರೀಕ್ಷೆಯ ದಿನಾಂಕವನ್ನು ಕೊರೆದಿರುತ್ತಾರೆ, ತೋರಿಸಿ ಎನ್ನಿ. ರೆಗ್ಯುಲೇಟರ್ ಕಳೆದ ಸಲ ಯಾವಾಗ ಸರ್ವೀಸ್ ಆಯಿತು ಎಂದು ವಿಚಾರಿಸಿ. ಕಂಪ್ರೆಸರ್ ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ ನೋಡಿ. ಪಕ್ಕದಲ್ಲೇ ಡೀಸೆಲ್ ಎಂಜಿನ್ ಹೊಗೆ ಉಗುಳುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರಿನೊಳಗೆ ಹೋಗಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೀರಿಗಿಳಿಯುವ ಮೊದಲು ನಾಲ್ಕು ಉಸಿರು ಎಳೆದಾಗ ಎಣ್ಣೆಯ ಕಮಟು ಬಂದರೆ ಬೇರೆ ಸಿಲಿಂಡರ್ ಕೇಳಿ, ಸಂಕೋಚ ಬೇಡ. ಬೋಟಿನಲ್ಲಿ ತುರ್ತು ಆಕ್ಸಿಜನ್ ಕಿಟ್ಟು ಇದೆಯೇ ಎಂದು ಕೇಳಿ. ಮೊದಲ ಸಲದವರಿಗೆ ಒಬ್ಬರಿಗೊಬ್ಬ ಅಥವಾ ಇಬ್ಬರಿಗೊಬ್ಬ ಇನ್‌ಸ್ಟ್ರಕ್ಟರ್ ಎನ್ನುವುದು ನಮ್ಮ ಕಡೆಯ ಒಳ್ಳೆಯ ರೂಢಿ. ಅದನ್ನು ಬಿಟ್ಟುಕೊಡಬೇಡಿ. ಮೊದಲ ಸಲದವರನ್ನು 12 ಮೀಟರಿಗಿಂತ ಆಳಕ್ಕೆ ಕರೆದೊಯ್ಯುವಂತಿಲ್ಲ. ಕೋರ್ಸ್ ಮುಗಿಸಿದ ಹೊಸಬರ ಮಿತಿಯೂ 18 ಮೀಟರ್.

ಕತ್ತರಿ ಹಾಕುವುದು ಅಂಗಡಿಯವರು ಮಾತ್ರವಲ್ಲ, ಗ್ರಾಹಕರೂ ಹಾಕುತ್ತಾರೆ. ಇದನ್ನು ಒತ್ತಿ ಹೇಳಬೇಕು. ಕೈ ಬಿಗಿಯಾದ ಕಾಲದಲ್ಲಿ ಜನ ಮೊದಲು ಉಳಿಸುವುದು ಒಂದು ರಾತ್ರಿಯ ಹೋಟೆಲ್ ಬಾಡಿಗೆ. ಬೆಳಿಗ್ಗೆ ಡೈವ್, ಮಧ್ಯಾಹ್ನ ಊಟ, ಸಂಜೆಗೆ ಹೊನ್ನಾವರ ದಾಟಿ ಗೇರುಸೊಪ್ಪೆ ಘಾಟಿ ಹತ್ತಿ ಬೆಂಗಳೂರಿನ ಕಡೆ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚುವರಿ ಸಾರಜನಕ ಮೈಯಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಎತ್ತರಕ್ಕೆ ಏರಿದರೆ ಹೊರಗಿನ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಟ್ಟುವ ಅಪಾಯವಿದೆ. ವಿಮಾನ ಹತ್ತುವ ಮೊದಲು ಒಂದೇ ಡೈವಿಗೆ 12 ಗಂಟೆ, ಹಲವು ಡೈವ್ ಮಾಡಿದವರಿಗೆ ಕನಿಷ್ಠ 18 ಗಂಟೆ ಬಿಡಬೇಕೆಂಬ ಸಲಹೆ ಇರುವುದು ಇದಕ್ಕೇ. ಘಾಟಿಗೂ ಅದೇ ತರ್ಕ: ಘಾಟಿಯ ಮೇಲಿನ ಸಾಗರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900. ಆರೆಂಟು ಮೀಟರಿಗೆ ಒಮ್ಮೆ ಇಳಿದು ಬಂದವರಿಗೆ ಅಪಾಯ ಬಲು ಕಡಿಮೆ. ಎರಡು ಮೂರು ಡೈವ್ ಮಾಡಿದವರು ಮಾತ್ರ ಆ ರಾತ್ರಿ ಕರಾವಳಿಯಲ್ಲೇ ಮಲಗಬೇಕು. ಡೈವ್ ಮಾಡಿದ ದಿನವೇ ಅಂಡಮಾನಿನಿಂದ ಚೆನ್ನೈಗೆ ವಿಮಾನ ಹಿಡಿಯುವವರಿಗೂ ಇದೇ ಮಾತು.

ಸಲಕರಣೆಯ ವಿಷಯದಲ್ಲೂ ಎಚ್ಚರ ಬೇಕು. ಮುಗ್ಗಟ್ಟಿನಲ್ಲಿ ಹಳೆಯ ಸಾಮಾನು ಅಗ್ಗಕ್ಕೆ ಮಾರಾಟಕ್ಕೆ ಬರುತ್ತದೆ. ಫಿನ್ಸ್, ವೆಟ್‌ಸೂಟು ಧೈರ್ಯವಾಗಿ ಕೊಳ್ಳಿ. ರೆಗ್ಯುಲೇಟರನ್ನು ಸರ್ವೀಸಿನ ಖರ್ಚು ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಎನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ. ಸಗಟು ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಈಜುಕನ್ನಡಕ ಡೈವಿಗೆ ನಡೆಯುವುದೇ ಇಲ್ಲ. ಅದು ಮೂಗನ್ನು ಮುಚ್ಚುವುದಿಲ್ಲ, ಆಳದಲ್ಲಿ ಒತ್ತಡ ಸರಿದೂಗಿಸಲು ಮೂಗಿನಿಂದ ಗಾಳಿ ಬಿಡಲಾಗದೆ ಕಣ್ಣಿನ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಗಟ್ಟಿಗಾಜಿನ, ಮೂಗು ಮುಚ್ಚುವ ಮಾಸ್ಕೇ ಬೇಕು.

ಅಂಗಡಿಯವರಿಗೆ ದಾರಿಗಳಿಲ್ಲವೆಂದಲ್ಲ. ಗಟ್ಟಿಯಾಗಿ ಉಳಿಯುವವರು ದರ ಇಳಿಸುವ ಬದಲು ಬೋಟು ಹಂಚಿಕೊಳ್ಳುತ್ತಾರೆ: ಎರಡು ಅಂಗಡಿಯ ಮೂರು ಮೂರು ಜನ ಒಂದೇ ಬೋಟಿನಲ್ಲಿ ಹೋದರೆ ಮೇಲಿನ ಲೆಕ್ಕದ ಆರು ತುಂಬಿತು. ಒಮ್ಮೆ ನೋಡಿ ಹೋಗುವವರನ್ನಷ್ಟೇ ನಂಬದೆ ಕೋರ್ಸ್ ಮಾಡುವವರನ್ನು ಬೆಳೆಸುತ್ತಾರೆ. ಕೋರ್ಸ್ ಮಾಡಿದವರು ಕೆಟ್ಟ ವರ್ಷದಲ್ಲೂ ಒಂದು ಸಲವಾದರೂ ಬರುತ್ತಾರೆ. ಮೊದಲ ಸಲದವರು ಮತ್ತೆ ಬರುವುದು ಅಪರೂಪ. ಮಳೆಗಾಲದಲ್ಲಿ ಊರಿನ ಈಜುಕೊಳದಲ್ಲಿ ತರಗತಿ ನಡೆಸಿ ಮುಂಗಡ ಪಡೆಯುವವರೂ ಇದ್ದಾರೆ.

ಮುಂಗಡದ ಬಗ್ಗೆ ಗ್ರಾಹಕರಲ್ಲಿ ಒಂದು ವಿನಂತಿ. ಕಡಲು ಕೆಟ್ಟು ಡೈವ್ ರದ್ದಾದರೆ ಹಣ ವಾಪಸ್ ಕೇಳುವ ಮುನ್ನ ಬೇರೆ ದಿನ ಕೊಡಿ ಎಂದು ಕೇಳಿ. ರಸೀದಿ ತೆಗೆದುಕೊಳ್ಳಿ, ಎಷ್ಟು ತಿಂಗಳ ತನಕ ನಡೆಯುತ್ತದೆ ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಶನಿವಾರ-ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಅರ್ಧ ಖಾಲಿ ಹೋಗುವ ಬೋಟಿಗೆ ನಿಮ್ಮ ಒಂದು ಸೀಟು ದೊಡ್ಡದು. ಸೌಕಾರ್‌ಪೇಟೆಯಲ್ಲಿ ಸೀರೆಗೆ ಚೌಕಾಶಿ ಮಾಡಿ, ಪಾತ್ರೆಗೆ ಮಾಡಿ. ನಿಮ್ಮನ್ನು ನೀರಿನಡಿಗೆ ಇಳಿಸಿ ಮೇಲೆ ತರುವವರ ಜೊತೆ ಮಾತ್ರ ಬೇಡ. ದಿನಾಂಕ ಕೇಳಿ, ಸರ್ವೀಸ್ ಕೇಳಿ, ತೃಪ್ತಿಯಾದರೆ ಪೂರ್ತಿ ದರ ಕೊಡಿ.